ಹೆಂಡದಂಗಡಿಗೆ ಒಂದು, ಮಠಕ್ಕೆ ಏಳು

ಪೋಸ್ಟ್ ಮಾಸ್ತರರ ಹಣೆಯ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಬೆಳ್ಳಗಿದ್ದುದನ್ನು ನಾನು ಒಂದು ದಿನವೂ ನೋಡಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಅಗಲವಾಗಿ ಮೂರು ಪಟ್ಟೆ ಎಳೆದುಕೊಂಡು ಬಂದು ಕೂರುತ್ತಿದ್ದರು. ರೈಲಿನ ಟಪಾಲು ಚೀಲ ಬಿಚ್ಚಿ ಮೊಹರು ಒತ್ತುವುದಕ್ಕೆ ಶುರು ಮಾಡಿದರೆಂದರೆ ಬಲಗೈ ಬೆರಳುಗಳೆಲ್ಲ ಮಸಿ. ಆ ಬೆರಳುಗಳಿಂದಲೇ ಬೆವರು ಒರೆಸಿಕೊಳ್ಳುವುದು, ಹುಬ್ಬು ತಿಕ್ಕಿಕೊಳ್ಳುವುದು, ವಿಳಾಸ ಸರಿಯಿಲ್ಲದ ಕಾಗದ ಸಿಕ್ಕಿದರೆ ಹಣೆ ಹಣೆ ಚಚ್ಚಿಕೊಳ್ಳುವುದು. ವಿಳಾಸ ಸರಿಯಾಗಿರುತ್ತಿದ್ದ ಕಾಗದಗಳು ಕಡಿಮೆ. ಹಾಗಾಗಿ ಊಟದ ಹೊತ್ತಿಗೆ ಆ ಮೂರು ಪಟ್ಟೆಗಳಿಗೂ ಕಪ್ಪು ಅಂಚು ಬಂದು, ಜವಳಿ ಅಂಗಡಿಯಲ್ಲಿ ಮಡಿಸಿಟ್ಟ ಪಂಚೆಗಳ ಹಾಗೆ ಕಾಣುತ್ತಿದ್ದವು.

ನಾನು ಅಜ್ಜಂಪುರದ ಆಸ್ಪತ್ರೆಗೆ ಸೂಲಗಿತ್ತಿಯಾಗಿ ಬಂದಾಗ ನನಗೆ ಇನ್ನೂ ಸಣ್ಣ ವಯಸ್ಸು. ಕಡೂರು ಕಡೆಯ ತೆಂಗಿನ ತೋಟದ ಒಕ್ಕಲು ಮನೆತನ ನಮ್ಮದು. ಗಂಡ ತೀರಿಕೊಂಡ ಮೇಲೆ ಅಣ್ಣ ಊರವರ ಮಾತಿಗೆ ಕಿವಿಗೊಡದೆ ನನ್ನನ್ನು ಬೆಂಗಳೂರಿಗೆ ಕಳಿಸಿ ಹೆರಿಗೆ ಕೆಲಸ ಕಲಿಸಿದ್ದ. ಊರಿನಲ್ಲಿ ಎಲ್ಲರೂ ‘ನರ್ಸಮ್ಮ’ ಎನ್ನುತ್ತಿದ್ದರು. ಪೋಸ್ಟ್ ಮಾಸ್ತರರು ಮಾತ್ರ ‘ಏನಮ್ಮಾ’ ಎನ್ನುತ್ತಿದ್ದರು. ಆಸ್ಪತ್ರೆಯ ಹಿಂದೆ ನನಗೆ ಕೊಟ್ಟಿದ್ದ ಕೋಣೆಗೂ ಅವರ ಮನೆಗೂ ನಡುವೆ ಒಂದು ಮೋಟುಗೋಡೆ. ಅವರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅಕ್ಕ ಆ ಗೋಡೆಯ ಮೇಲಿಂದ ರೊಟ್ಟಿ ಕೊಡುತ್ತಿದ್ದರು. ಅದೇ ಗೋಡೆಯ ಮೇಲಿಂದ ಮಾಸ್ತರರ ಕೂಗಾಟವೂ ನನ್ನ ಕೋಣೆಗೆ ಬರುತ್ತಿತ್ತು.

ಅವರು ಯಾರ ಹತ್ತಿರ ಜಗಳ ಆಡುತ್ತಿರಲಿಲ್ಲ ಎಂದು ಕೇಳಿದರೆ ಹೇಳುವುದು ಸುಲಭ. ಕಾಗದ ಬರೆದವರ ಹತ್ತಿರ ಮಾತ್ರ, ಅವರು ಎದುರಿಗೆ ಇರುತ್ತಿರಲಿಲ್ಲವಲ್ಲ. ಆದರೂ ಕಾಗದದ ಜೊತೆ ಜಗಳ ಆಡುತ್ತಿದ್ದರು. ‘ಗಂಗಮ್ಮನ ಮಗನಿಗೆ, ದೊಡ್ಡ ಹುಣಸೆ ಮರ, ಅಜ್ಜಂಪುರದ ಮಗ್ಗುಲು’ ಎಂದು ವಿಳಾಸ ಓದಿ, “ಯಾವ ಮಗ್ಗುಲಯ್ಯಾ? ಅಜ್ಜಂಪುರ ಎಡ ಮಗ್ಗುಲಾಗಿ ಮಲಗಿದ್ಯೋ ಬಲ ಮಗ್ಗುಲಾಗಿ ಮಲಗಿದ್ಯೋ?” ಎಂದು ಕಿರುಚುತ್ತಿದ್ದರು. ಜಗುಲಿಯ ಮೇಲೆ ಕೂತವರು ನಕ್ಕರೆ ಅವರ ಮೇಲೂ ತಿರುಗಿ ಬೀಳುತ್ತಿದ್ದರು. ಅಕ್ಕ ಒಮ್ಮೆ ನನಗೆ ಹೇಳಿದ್ದರು: “ಇವರಿಗೆ ದೇವರು ಬುದ್ಧಿ ಕೊಟ್ಟ, ಬಾಯಿ ಕೊಟ್ಟ. ಎರಡರ ಮಧ್ಯೆ ಒಂದು ಬಾಗಿಲು ಇಡೋದು ಮರೆತ.”

ನಾನೂ ನಗುತ್ತಿದ್ದೆ. ಹೊಸಹಳ್ಳಿಯ ಹೆರಿಗೆ ಆಗುವವರೆಗೆ ನಗುತ್ತಿದ್ದೆ.

ಆ ದಿನ ಬೆಳಿಗ್ಗೆ ಟಪಾಲು ಹೊರುವವನು ಒಂದು ಚೀಟಿ ತಂದ. ದಾರಿಯಲ್ಲಿ ಯಾರೋ ಅವನ ಜೊತೆಯವನ ಕೈಗೆ ಕೊಟ್ಟಿದ್ದರಂತೆ, ಅವನು ಇವನ ಕೈಗೆ ದಾಟಿಸಿದ್ದನಂತೆ. ‘ಹೊಸಹಳ್ಳಿ ಗೌಡರ ಮನೆಯಲ್ಲಿ ಹೆರಿಗೆ ಕಷ್ಟವಾಗಿದೆ, ನರ್ಸಮ್ಮ ಕೂಡಲೇ ಬರಬೇಕು.’ ಅಷ್ಟೇ. ಮಾಸ್ತರರು ಅದನ್ನು ಹಿಡಿದುಕೊಂಡು ತಾವೇ ಓಡಿಬಂದು ನನಗೆ ಕೊಟ್ಟರು. ಗಾಡಿ ಕಟ್ಟಿಸಿದರು. ತರೀಕೆರೆ ದಾರಿಯಲ್ಲಿ ಒಂದು ಹೊಸಹಳ್ಳಿ ಇತ್ತು. ಅಲ್ಲಿಗೆ ಹೋದೆ. ಗೌಡರ ಮನೆಯೂ ಇತ್ತು. ಗೌಡರು ಜಗುಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು.

“ನಮ್ಮನೇಲಿ ಹೆರಿಗೆನಾ? ನಮ್ಮನೇಲಿ ಹೆರೋರು ಯಾರೂ ಇಲ್ವಲ್ಲ ತಾಯಿ, ಎಮ್ಮೆ ಬಿಟ್ರೆ,” ಅಂದರು.

ಗಾಡಿ ತಿರುಗಿಸಿದೆವು. ಕೇಳಿಕೊಂಡು, ಕೇಳಿಕೊಂಡು, ಕಡೂರು ದಿಕ್ಕಿನ ಇನ್ನೊಂದು ಹೊಸಹಳ್ಳಿ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮನೆಯ ಮುಂದೆ ಹೆಂಗಸರು ಸುಮ್ಮನೆ ಕೂತಿದ್ದರು. ಆ ಸುಮ್ಮನಿರುವಿಕೆ ನೋಡಿದರೆ ನಮ್ಮ ಕೆಲಸದವರಿಗೆ ಒಳಗೆ ಹೋಗುವ ಮೊದಲೇ ಗೊತ್ತಾಗುತ್ತದೆ. ಚೊಚ್ಚಲ ಹೆರಿಗೆಯ ಹುಡುಗಿ. ಕೂಸಿನ ಕೈ ಮೊದಲು ಬಂದಿತ್ತು. ಬೆಳಿಗ್ಗೆಯೇ ಮುಟ್ಟಿದ್ದರೆ ತಿರುಗಿಸಬಹುದಿತ್ತು. ತಾಯಿಯೂ ಹೋದಳು, ಕೂಸೂ ಹೋಯಿತು. ಅವಳ ಅತ್ತೆ ನನ್ನ ಕೈ ಹಿಡಿದು, “ನೀನೇನ್ ಮಾಡ್ತೀಯವ್ವ, ಅವಳ ಹಣೇಲಿ ಅಷ್ಟೇ ಬರ್ದಿದ್ದ,” ಎಂದು ಸಮಾಧಾನ ಹೇಳಿದಳು. ಸಮಾಧಾನ ಅವಳಿಗೆ ನಾನು ಹೇಳಬೇಕಾಗಿತ್ತು.

ಮಾರನೆಯ ದಿನ ಗೋಡೆಯ ಬಳಿ ನಿಂತು ಈ ಮಾತನ್ನು ಅಕ್ಕನಿಗೆ ಹೇಳುತ್ತಿದ್ದೆ. ಒಳಗಿನಿಂದ ಮಾಸ್ತರರು ಬಂದರು. ಕೂಗಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

“ಹಣೇಲಿ ಏನೂ ಬರೆದಿರಲಿಲ್ಲ ಕಣಮ್ಮಾ,” ಎಂದರು. “ಚೀಟೀಲಿ ಬರೆದಿರಲಿಲ್ಲ. ಯಾವ ಹೊಸಹಳ್ಳಿ ಅಂತ ಚೀಟೀಲಿ ಇರಲಿಲ್ಲ. ಅದು ನನ್ನ ಕೈಯಿಂದ ದಾಟಿ ಹೋಗಿದ್ದು.”

ಆಮೇಲೆ ಎರಡು ವಾರ ಅವರು ಯಾರನ್ನೂ ಬೈಯಲಿಲ್ಲ. ಊರವರು ಮಾಸ್ತರರಿಗೆ ಮೈ ಸರಿ ಇಲ್ಲವೇನೋ ಎಂದು ವಿಚಾರಿಸಿಕೊಂಡು ಹೋದರು. ಒಂದು ಭಾನುವಾರ ಅಕ್ಕ ಗೋಡೆಯ ಮೇಲಿಂದ ಕರೆದು, “ಬಾ ತಂಗಿ, ಇವರಿಗೆ ಏನೋ ಹೊಳೆದಿದೆಯಂತೆ. ಒಬ್ಬಳೇ ಕೇಳೋಕೆ ನನ್ನ ಕೈಲಾಗೋಲ್ಲ,” ಎಂದರು.

ಅವರಿಗೆ ಹೊಳೆದದ್ದು ಇದು. ಊರುಗಳ ಹೆಸರು ನಂಬಿ ಪ್ರಯೋಜನವಿಲ್ಲ. ಹೊಸಹಳ್ಳಿಗಳು, ಹೊಸೂರುಗಳು, ರಾಮೇನಹಳ್ಳಿಗಳು ಹೆಜ್ಜೆಗೊಂದು. ಆದರೆ ಸುತ್ತ ಹತ್ತು ಹಳ್ಳಿಗೂ ಗೊತ್ತಿರುವ ಗುರುತುಗಳು ಎಲ್ಲ ಕಡೆಯೂ ಇವೆ: ಒಂದು ಗುಡಿ, ಒಂದು ಕೆರೆಯ ತೂಬು, ಒಂದು ಛತ್ರ, ಸ್ಕೂಲು, ರೈಲ್ವೆ ಗೇಟು, ದನ ಮೇಯಲು ಬಿಟ್ಟ ಕಾವಲು. ಇಂಥ ಪ್ರತಿಯೊಂದಕ್ಕೂ ಒಂದು ಅಂಕಿ. ಅದನ್ನು ಅದರ ಮೇಲೇ ದೊಡ್ಡದಾಗಿ ಬರೆಯುವುದು. ಅಜ್ಜಂಪುರದ ಟಪಾಲು ಹೋಗುವ ಕಡೆಯದೆಲ್ಲ ಅಜ್ಜಂಪುರದ ಅಂಕಿ, ತರೀಕೆರೆಯದು ತರೀಕೆರೆಯ ಅಂಕಿ, ಕಡೂರಿನದು ಕಡೂರಿನ ಅಂಕಿ. ಕಾಗದ ಬರೆಯುವವನು ಮನೆಯ ಯಜಮಾನನ ಹೆಸರು ಬರೆದು, ‘ಅಜ್ಜಂಪುರ ಹನ್ನೆರಡರ ಹತ್ತಿರ’ ಎಂದರೆ ಮುಗಿಯಿತು.

“ಅಕ್ಷರ ಬಾರದವರು ಏನು ಮಾಡಬೇಕು?” ಎಂದೆ.

“ಸಂತೆಗೆ ಹೋಗೋರಿಗೆ ಅಂಕಿ ಬರದೆ ಇರುತ್ತೇನಮ್ಮಾ? ಬರದೇ ಇದ್ರೂ ದಿನಾ ಕಣ್ಣೆದುರಿಗೆ ಇರೋ ಗೆರೆ ತಾನೆ, ನೋಡಿ ಬರೀತಾರೆ,” ಎಂದರು. ಆಮೇಲೆ ಎದ್ದು ನಿಂತು, “ಮೊದಲು ಈ ಮೂರು ಊರು. ಆಮೇಲೆ ಸಂಸ್ಥಾನ ಪೂರ್ತಿ. ಆಮೇಲೆ ಹಿಂದೂಸ್ಥಾನ,” ಎಂದರು. ಅಕ್ಕ, “ಮೊದಲು ಊಟ,” ಎಂದರು.

ಅಂಕಿಗಳನ್ನು ಟಪಾಲು ಹೋಗುವ ದಾರಿಯ ಕ್ರಮದಲ್ಲೇ ಕೊಟ್ಟಿದ್ದರು. ಸ್ಟೇಷನ್ನಿನಿಂದ ಶುರು, ಊರೊಳಗೆ ಹಾಯ್ದು, ಹಳ್ಳಿಗಳ ಕಡೆಗೆ. ಆದರೆ ಬರೆಯುವ ಕೆಲಸ ಮಾತ್ರ ಹಳ್ಳಿಗಳಿಂದ ಶುರುವಾಯಿತು. “ಊರೊಳಗೆ ಜಗಳಗಂಟರು ಜಾಸ್ತಿ,” ಎಂದರು. ಇದನ್ನು ಹೇಳಿದವರು ಅವರು.

ಭಾನುವಾರಗಳಲ್ಲಿ ನಾವು ಮೂವರೂ ಗಾಡಿ ಕಟ್ಟಿಸಿಕೊಂಡು ಹೊರಡುತ್ತಿದ್ದೆವು. ಗಂಡಸಿನ ಜೊತೆ ವಿಧವೆ ಒಬ್ಬಳೇ ಹೋದಳೆಂಬ ಮಾತು ಬರಬಾರದೆಂದು ಅಕ್ಕ ಬರುತ್ತಿದ್ದರು. ಬಂದವರು ಸುಣ್ಣದ ಗಡಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. ಮಾಸ್ತರರು ಮೊದಲು ಸುಣ್ಣ ಬಳಿದು, ಅದು ಒಣಗಿದ ಮೇಲೆ ಡಾಂಬರಿನಲ್ಲಿ ಅಂಕಿ ಬರೆಯುತ್ತಿದ್ದರು. ಒಣಗುವವರೆಗೆ ಊರವರಿಗೆ ಭಾಷಣ. ಭಾಷಣದಲ್ಲಿ ಎಲ್ಲ ಇರುತ್ತಿತ್ತು, ಇದು ಯಾತಕ್ಕೆ ಎನ್ನುವುದೊಂದು ಕೊನೆಗೆ ಬರುತ್ತಿತ್ತು. ಅಷ್ಟರಲ್ಲಿ ಜನ ಎದ್ದು ಹೋಗಿರುತ್ತಿದ್ದರು.

ಅದರ ಫಲ ಒಂದು ಹಳ್ಳಿಯಲ್ಲಿ ಕಂಡಿತು. ಅಲ್ಲಿ ಕೆರೆ ಏರಿಯ ಗುಡಿಯ ಕಂಬಕ್ಕೆ ಅಂಕಿ ಬರೆದು ಬಂದಿದ್ದೆವು. ಮುಂದಿನ ಭಾನುವಾರ ಅದೇ ದಾರಿಯಲ್ಲಿ ಹೋದರೆ ಊರಿನಲ್ಲಿ ನರಪಿಳ್ಳೆ ಇಲ್ಲ. ಬಾಗಿಲುಗಳಿಗೆಲ್ಲ ಮುಳ್ಳು ಬಡಿದಿದ್ದಾರೆ. ಆಚೆ ಹೊಲದಲ್ಲಿ ಗರಿಯ ಗುಡಿಸಲು ಹಾಕಿಕೊಂಡು, ಕೋಳಿ ಕುರಿ ಬೀಸುವ ಕಲ್ಲು ಸಮೇತ ಎಲ್ಲರೂ ಅಲ್ಲಿ ಕೂತಿದ್ದಾರೆ. ಹಿಂದೊಮ್ಮೆ ಪ್ಲೇಗು ಬಂದಾಗ ಸರ್ಕಾರದವರು ಮನೆಗಳ ಮೇಲೆ ಗುರುತು ಬರೆದು ಊರು ಖಾಲಿ ಮಾಡಿಸಿದ್ದರು. ಈ ಸಲ ಗುಡಿಯ ಮೇಲೇ ಬರೆದಿದ್ದಾರೆಂದರೆ ದೇವರಿಗೇ ಪ್ಲೇಗು ಬಂದಿರಬೇಕು ಎಂದು ಅವರು ಹೆದರಿದ್ದರು.

ಮಾಸ್ತರರು ಗಾಡಿಯಿಂದ ಹಾರಿ, ಹೊಲದ ಬದುವಿನ ಮೇಲೆ ನಿಂತು ಎರಡು ಕೈಯನ್ನೂ ಬಾಯಿಗೆ ಹಿಡಿದು ಕೂಗಿದರು: “ಇದು ಪ್ಲೇಗಲ್ಲ ಕಣ್ರಯ್ಯಾ, ಪೋಸ್ಟು! ಪೋಸ್ಟು!”

ಒಬ್ಬ ಮುದುಕ ಗುಡಿಸಲಿನಿಂದ ತಲೆ ಹಾಕಿ, “ಅದೇನು ಪ್ಲೇಗಿಗಿಂತ ಹೊಸ ಕಾಯ್ಲೆಯಾ ಸ್ವಾಮಿ?” ಎಂದು ಕೇಳಿದ.

ನಾನು ಮತ್ತು ಅಕ್ಕ ಗಾಡಿಯಲ್ಲಿ ಬಿದ್ದು ಬಿದ್ದು ನಕ್ಕೆವು. ಮಾಸ್ತರರು ನಗಲಿಲ್ಲ. ಬದುವಿನ ಮೇಲೆ ಕುಸಿದು ಕೂತು, “ಯಾರಿಗೆ ಮಾಡ್ತಿದೀನಮ್ಮಾ ಇದನ್ನ?” ಎಂದರು. ಆ ಜನರನ್ನು ವಾಪಸ್ಸು ಊರೊಳಗೆ ಕರೆತರುವುದಕ್ಕೆ ಕೊನೆಗೆ ನಾನೇ ಹೋಗಬೇಕಾಯಿತು. ಅಲ್ಲಿನ ಹೆಂಗಸರಲ್ಲಿ ಇಬ್ಬರ ಹೆರಿಗೆ ನಾನು ಮಾಡಿಸಿದ್ದೆ. ನನ್ನ ಮಾತು ನಂಬಿದರು.

ತರೀಕೆರೆಯ ಪೋಸ್ಟ್ ಮಾಸ್ತರರು ಒಳ್ಳೆಯವರು, ಒಂದಷ್ಟು ಕಡೆ ಬರೆಸಿದರು. ಕಡೂರಿನವರು, “ಮೇಲಿನಿಂದ ಅಪ್ಪಣೆ ಬರಲಿ,” ಎಂದು ಹೇಳಿ ಕಳಿಸಿದರು. ಆ ಹುಡುಗಿ ಸತ್ತ ಹೊಸಹಳ್ಳಿ ಕಡೂರಿನ ಪಾಲಿಗೆ ಬರುತ್ತಿತ್ತು. ಹಾಗಾಗಿ ಯಾವ ಊರಿನಿಂದ ಇದೆಲ್ಲ ಶುರುವಾಯಿತೋ ಆ ಊರಿಗೆ ಅಂಕಿ ಬರಲೇ ಇಲ್ಲ. ಮಾಸ್ತರರು ಕಡೂರಿಗೆ ಹೋಗಿ ಜಗಳವಾಡಿ ಬಂದರು. ಅದರಿಂದ ಅಪ್ಪಣೆಯ ಅವಶ್ಯಕತೆ ಇನ್ನೂ ಹೆಚ್ಚಾಯಿತು.

ಆದರೆ ಒಂದು ಸಲ, ಒಂದೇ ಒಂದು ಸಲ, ಅವರು ಹೇಳಿದ ಹಾಗೇ ನಡೆಯಿತು. ಮಧ್ಯಾಹ್ನದ ರೈಲಿನ ಗಾರ್ಡು ಒಂದು ಮುತ್ತುಗದ ಎಲೆ ತಂದು ಪೋಸ್ಟ್ ಆಫೀಸಿನಲ್ಲಿ ಕೊಟ್ಟ. ದಾರಿಯ ಗೇಟಿನ ಹತ್ತಿರ ದನ ಕಾಯುವವನೊಬ್ಬ ರೈಲಿಗೆ ಅಡ್ಡ ನಿಂತು, ಅಳುತ್ತಾ ಇದನ್ನು ಕೊಟ್ಟನಂತೆ. ಎಲೆಯ ಮೇಲೆ ಇದ್ದಿಲಿನಲ್ಲಿ ಎರಡು ಅಂಕಿ ಇದ್ದವು. ಎರಡರ ಅಂಕಿ ತಲೆಕೆಳಗಾಗಿತ್ತು, ಮೂರು ನೆಟ್ಟಗಿತ್ತು. ಅಜ್ಜಂಪುರದ ಇಪ್ಪತ್ತಮೂರು ಎಂದರೆ ಕಾವಲಿನೊಳಗೆ ದನಗಳಿಗೆ ನೀರು ಕುಡಿಸುವ ಕಲ್ಲು ಬಾನಿ. ಎಲೆಯಲ್ಲಿ ಬೇರೇನೂ ಇರಲಿಲ್ಲ. ನರ್ಸಮ್ಮನನ್ನು ಕರೆಯುವುದಕ್ಕಲ್ಲದೆ ಇನ್ನೇತಕ್ಕೆ ಅಳುತ್ತಾ ರೈಲು ನಿಲ್ಲಿಸುತ್ತಾನೆ ಎಂದು ಮಾಸ್ತರರೇ ಊಹೆ ಮಾಡಿ ಗಾಡಿ ಕಟ್ಟಿಸಿದ್ದರು.

ಬಾನಿಯ ಹತ್ತಿರವೇ ಅವನ ಗುಡಿಸಲು. ಹೆಂಡತಿಗೆ ಕೂಸು ಹುಟ್ಟಿ, ಮಾಸು ಬೀಳದೆ ರಕ್ತ ಹೋಗುತ್ತಿತ್ತು. ಇನ್ನು ಸ್ವಲ್ಪ ತಡವಾಗಿದ್ದರೂ ಅವಳು ಉಳಿಯುತ್ತಿರಲಿಲ್ಲ. ಉಳಿದಳು. ಹಿಂತಿರುಗಿ ಬಂದಾಗ ಮಾಸ್ತರರು ಸ್ಟೇಷನ್ ರಸ್ತೆಯ ತಿರುವಿನಲ್ಲೇ ಕಾದು ನಿಂತಿದ್ದರು. ನನ್ನ ಮುಖ ನೋಡಿ ಗೊತ್ತು ಮಾಡಿಕೊಂಡರು. ಎತ್ತುಗಳ ಕೊರಳು ಸವರಿದರು. ಆಮೇಲೆ, “ಎರಡನ್ನ ತಲೆಕೆಳಗು ಬರೆದಿದ್ದಾನಲ್ಲಮ್ಮಾ, ಅವನಿಗೆ ಯಾರಾದ್ರೂ ಹೇಳಿಕೊಡಬೇಕು,” ಎಂದರು.

ಆ ಸಂತೋಷವೇ ಅವರನ್ನು ಕೆಡಿಸಿತು. ಇನ್ನು ಯಾರು ಏನು ಹೇಳುತ್ತಾರೆ ಎಂಬ ಧೈರ್ಯದಲ್ಲಿ ಮುಂದಿನ ಭಾನುವಾರವೇ ಊರೊಳಗೆ ಬರೆಯಲು ಶುರು ಮಾಡಿದರು.

ಸ್ಟೇಷನ್ನಿನಿಂದ ಊರಿಗೆ ಬರುವ ದಾರಿಯಲ್ಲಿ ಮೊದಲು ಸಿಗುವ, ಎಲ್ಲರಿಗೂ ಗೊತ್ತಿರುವ ಗುರುತು ಹೆಂಡದಂಗಡಿ. ಹೆಂಡದಂಗಡಿಗೆ ಒಂದು. ಮುಸಾಫಿರಖಾನೆಗೆ ಎರಡು. ಹೀಗೇ ಬಂದು ಆಸ್ಪತ್ರೆಗೆ ಐದು, ಸಂತೆಮಾಳಕ್ಕೆ ಆರು, ಮಠಕ್ಕೆ ಏಳು. ಮಾಸ್ತರರು ಅದೇ ಮಠದ ಭಕ್ತರು. ಅವರ ಅಪ್ಪ, ತಾತ ಎಲ್ಲ ಅಲ್ಲಿಯೇ ದೀಕ್ಷೆ ತೆಗೆದುಕೊಂಡವರು. ಮಠದ ಕಲ್ಲುಗಂಬದ ಮೇಲೆ ಏಳು ಬರೆದು ಮುಗಿಸುವುದರೊಳಗೆ ಊರಿಗೆ ಊರೇ ಸೇರಿತು.

ಮಠದ ಪಾರುಪತ್ಯಗಾರರು ವಯಸ್ಸಾದವರು, ಮೆತ್ತಗೆ ಮಾತಾಡುವವರು. “ಏನಪ್ಪಾ ಇದು?” ಎಂದರು. “ಕುಡುಕರಿಗೆ ಒಂದು, ಗುರುಗಳಿಗೆ ಏಳಾ? ನಿನ್ನ ತಾತ ಇದ್ದಿದ್ರೆ ಏನಂತಿದ್ದ?”

“ಇದು ಪಂಕ್ತಿ ಅಲ್ಲ ಬುದ್ಧೀ, ದಾರಿ. ಊಟಕ್ಕೆ ಕೂರಿಸ್ತಿಲ್ಲ ನಾನು, ಮೊದಲ ವೀಳ್ಯ ಕೊಡ್ತಿಲ್ಲ. ಮೊದಲು ಸಿಕ್ಕಿದ್ದಕ್ಕೆ ಮೊದಲ ಅಂಕಿ,” ಎಂದರು ಮಾಸ್ತರರು.

ಅಷ್ಟರಲ್ಲಿ ದೇವಸ್ಥಾನದ ಕಡೆಯವರು ಬಂದರು. ಅವರದು ಒಂಬತ್ತು. ಮಠಕ್ಕಿಂತ ತಮ್ಮದು ಯಾತಕ್ಕೆ ಹಿಂದೆ ಎಂದು ಅವರ ತಕರಾರು. ಅವರಿಗೂ ಇವರಿಗೂ ಅಲ್ಲೇ ಮಾತು ಬೆಳೆಯಿತು. ಇದೆಲ್ಲದರ ನಡುವೆ ಹೆಂಡದಂಗಡಿಯವನು ತನ್ನ ಬಾಗಿಲಿಗೆ ಬರೆದ ಒಂದರ ಅಂಕಿಗೆ ಹೂವಿನ ಹಾರ ಹಾಕಿ, “ಸರ್ಕಾರದ ನಂಬರ್ ಒನ್ ಅಂಗಡಿ,” ಎಂದು ಸಾರುತ್ತಿದ್ದಾನೆ ಎಂಬ ಸುದ್ದಿ ಬಂತು. ಆಮೇಲೆ ಕೇಳಬೇಕೆ.

ಪಾರುಪತ್ಯಗಾರರು ಹಠಮಾರಿಗಳಲ್ಲ. ಆ ಸಂಜೆ ಅವರೇ ನನ್ನ ಬಳಿಗೆ ಬಂದರು. “ನರ್ಸಮ್ಮಾ, ನೀನಾದ್ರೂ ಹೇಳು. ಮಠದಿಂದ ಎಣಿಸೋಕೆ ಶುರು ಮಾಡಲಿ. ಸ್ಟೇಷನ್ನಿಂದ ಯಾಕೆ ಎಣಿಸಬೇಕು? ಮಠದಿಂದ ಎಣಿಸಿದ್ರೆ ಎಲ್ಲಾ ಹಳ್ಳಿಗೂ ನಾನೇ ಜನ ಕಳಿಸಿ ಬರೆಸ್ತೀನಿ. ಭಕ್ತರ ಮನೆ ಮನೆಗೂ ಹೇಳಿಸ್ತೀನಿ,” ಎಂದರು.

ನಾನು ಗೋಡೆ ಹಾರಿದವಳಂತೆ ಮಾಸ್ತರರ ಬಳಿಗೆ ಓಡಿದೆ. ಅವರ ಕಾಲು ಹಿಡಿಯುವುದೊಂದು ಬಾಕಿ. “ಮಠಕ್ಕೆ ಒಂದು ಕೊಟ್ಟುಬಿಡಿ. ಮಠದವರು ಹೇಳಿದರೆ ಜನ ಒಂದೇ ದಿನದಲ್ಲಿ ಕಲೀತಾರೆ. ನಾವು ವರ್ಷಗಟ್ಟಲೆ ತಿರುಗಿದರೂ ಆಗೋದಿಲ್ಲ,” ಎಂದೆ. ಅಕ್ಕನೂ ಹೇಳಿದರು.

“ಬರೆದಿರೋ ಅಂಕಿ ಎಲ್ಲಾ ಬದಲಾಗುತ್ತೆ. ಕಾವಲಿನ ಬಾನಿ ಇಪ್ಪತ್ತಮೂರು ಆಗಿರೋಲ್ಲ. ಆ ದನ ಕಾಯೋನಿಗೆ ಇಪ್ಪತ್ತಮೂರು ಅಂತ ಕಲಿಸಿ, ಈಗ ಅಲ್ಲ ಅನ್ನಲಾ?”

“ಅಳಿಸಿ ಬೇರೆ ಬರೆದರಾಯ್ತು.”

“ಇವತ್ತು ಮಠಕ್ಕೆ ಅಂತ ಬದಲಾಯಿಸಿದ್ರೆ ನಾಳೆ ದೇವಸ್ಥಾನಕ್ಕೆ ಅಂತ ಬದಲಾಯಿಸಬೇಕು. ನಾಡಿದ್ದು ಅಮಲ್ದಾರರ ಮನೆಗೆ. ಅಂಕಿಗೆ ಜಾತಿ ಬಂದ್ರೆ ಮುಗೀತು ಕಣಮ್ಮಾ. ಆಗೋಲ್ಲ.”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು. ನನ್ನ ಜೀವಮಾನದಲ್ಲಿ ಯಾವ ಮನುಷ್ಯನ ಮೇಲೂ ನನಗೆ ಅಂಥ ಸಿಟ್ಟು ಬಂದಿಲ್ಲ. “ನಿಮಗೆ ಹೆಂಗಸರು ಉಳಿಯೋದು ಬೇಕೋ, ನಿಮ್ಮ ಲೆಕ್ಕ ಸರಿಯಾಗಿರೋದು ಬೇಕೋ?” ಎಂದು ಕೇಳಿದೆ. ಅವರು ಎದ್ದು ಒಳಗೆ ಹೋದರು.

ವಾರದೊಳಗೆ ಊರೊಳಗಿನ ಅಂಕಿಗಳ ಮೇಲೆಲ್ಲ ಸಗಣಿ ಬಿತ್ತು. ಆಮೇಲೆ ಹಳ್ಳಿಗಳದ್ದೂ ಒಂದೊಂದಾಗಿ ಹೋದವು. ಯಾರೋ ಮೇಲಿನ ಆಫೀಸಿಗೆ ಅರ್ಜಿ ಹಾಕಿದರು. ದೊಡ್ಡ ಅಧಿಕಾರಿಗಳು ಬಂದು ಮುಸಾಫಿರಖಾನೆಯಲ್ಲಿ ಇಳಿದುಕೊಂಡು ಮಾಸ್ತರರನ್ನು ಕರೆಸಿದರು. ನಾನು ಕರೆಯದೆಯೇ ಹೋದೆ.

“ಇದನ್ನು ಮಾಡು ಅಂತ ನಿಮಗೆ ಹೇಳಿದವರು ಯಾರು?” ಎಂದು ಅಧಿಕಾರಿ ಕೇಳಿದರು.

“ಯಾರೂ ಹೇಳಲಿಲ್ಲ ಸ್ವಾಮಿ. ಯಾರಾದ್ರೂ ಹೇಳೋವರೆಗೂ ಹೆರಿಗೆ ನೋವು ಕಾಯೋದಿಲ್ಲ.”

“ಹೆರಿಗೆ ಮಾಡಿಸೋದು ನಿಮ್ಮ ಕೆಲಸವೇನ್ರೀ? ಕಾಗದ ಮುಟ್ಟಿಸೋದು ನಿಮ್ಮ ಕೆಲಸ.”

“ಮುಟ್ಟಲಿಲ್ಲವಲ್ಲ ಸ್ವಾಮಿ! ಅದನ್ನೇ ಹೇಳ್ತಿರೋದು!” ಎಂದು ಇವರು ಕಿರುಚಿದರು.

ನಾನು ಮುಂದೆ ಹೋಗಿ ಕಾವಲಿನ ಹೆಂಗಸಿನ ವಿಷಯ ಹೇಳಿದೆ. ಅಧಿಕಾರಿ ಗೌರವದಿಂದಲೇ ಕೇಳಿಸಿಕೊಂಡರು. “ಒಳ್ಳೇದಾಯ್ತಮ್ಮ,” ಎಂದರು. ಆಮೇಲೆ, ಸಾವಿರಾರು ವರ್ಷದಿಂದ ಹೆಸರಿರುವ ಗುಡಿಗಳಿಗೂ ಕೆರೆಗಳಿಗೂ ಅಂಕಿ ಯಾತಕ್ಕೆ ಬೇಕು, ಜೈಲಿನವರಿಗೆ ಕೊಟ್ಟ ಹಾಗೆ, ಎಂದು ನಕ್ಕರು. ಅಲ್ಲಿದ್ದವರೆಲ್ಲ ನಕ್ಕರು. ಮಾಸ್ತರರ ಹಣೆಯ ಮೇಲೆ ಆ ದಿನ ಮಸಿ ಇರಲಿಲ್ಲ. ಚೊಕ್ಕವಾಗಿ ವಿಭೂತಿ ಹಚ್ಚಿಕೊಂಡು, ಕೋಟು ರುಮಾಲು ಹಾಕಿಕೊಂಡು ಬಂದಿದ್ದರು. ಅದನ್ನು ನನಗೆ ನೋಡಲಾಗಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಮಾಸ್ತರರಿಗೆ ಚಿತ್ರದುರ್ಗದ ಕಡೆಯ ಒಂದು ಸಣ್ಣ ಊರಿಗೆ ವರ್ಗವಾಯಿತು. ಹೊರಡುವ ದಿನ ಅಕ್ಕ ಗೋಡೆಯ ಬಳಿ ಅತ್ತರು. ಮಾಸ್ತರರು ನನಗೆ ಹೇಳಿದ್ದು ಇಷ್ಟೇ: “ಹೊಸಬರು ಬರ್ತಾರೆ. ಸಾಧು ಮನುಷ್ಯ ಅಂತೆ. ಚೀಟಿ ಬಂದ್ರೆ ಯಾವ ಊರು ಅಂತ ವಿಚಾರಿಸೋದು ಅವರಿಗೆ ನೀನೇ ಕಲಿಸು.”

ಮತ್ತೆ ಅವರನ್ನು ನೋಡಿದ್ದು ಇನ್ಫ್ಲುಯೆಂಜಾ ಬಂದ ವರ್ಷ. ಅಷ್ಟರಲ್ಲಿ ಅವರಿಗೆ ಪಿಂಚಣಿಯಾಗಿ ಬೀರೂರಿನಲ್ಲಿ ಮನೆ ಮಾಡಿದ್ದರು. ಅಕ್ಕನೇ ಹೇಳಿಕಳಿಸಿದರು. ಜ್ವರ ಎದೆಗಿಳಿದಿತ್ತು. ನಾನು ಹೋಗಿ ನಾಲ್ಕು ದಿನ ಇದ್ದೆ. ಕಷಾಯ ಕುಡಿಸುವುದು, ಬೆನ್ನಿಗೆ ಶಾಖ ಕೊಡುವುದು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲ. ಒಂದು ಮಧ್ಯಾಹ್ನ ಜ್ವರ ಸ್ವಲ್ಪ ಬಿಟ್ಟಾಗ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇ ಬಿಟ್ಟೆ.

“ಮಠಕ್ಕೆ ಒಂದು ಕೊಟ್ಟಿದ್ರೆ ಏನು ಹೋಗ್ತಿತ್ತು?”

“ಏನೂ ಹೋಗ್ತಿರಲಿಲ್ಲ,” ಎಂದರು. ಉಸಿರು ಎಳೆದುಕೊಂಡು, “ಕೊಡಬಹುದಿತ್ತು ಅಂತ ಗೊತ್ತು ಕಣಮ್ಮಾ. ಆದ್ರೆ ಇವತ್ತು ಬಂದು ಕೇಳಿದ್ರೂ ನಾನು ಕೊಡೋಲ್ಲ. ಅದೇ ನೋಡು ನನ್ನ ಕಷ್ಟ,” ಎಂದರು.

ಸಿಟ್ಟು ಬಂತು. ಸಾಯುತ್ತಿರುವ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎಂದು ಕಷಾಯದ ಬಟ್ಟಲು ಎತ್ತಿಕೊಂಡು ಹೊರಗೆ ಹೋದೆ. ಮಾರನೆಯ ಬೆಳಗಿನ ಜಾವ ಹೋದರು. ಊರಿನಲ್ಲಿ ಮನೆಗೊಂದು ಸಾವು. ಹೊರುವುದಕ್ಕೆ ಜನ ಸಿಗಲಿಲ್ಲ. ಸ್ಟೇಷನ್ನಿನ ಕೂಲಿಗಳು ಬಂದು ಹೊತ್ತರು. ಕೂರಿಸಿ ಮಣ್ಣು ಮಾಡಿದರು.

ಈಗ ನನಗೆ ಅವರಿಗಿಂತ ಹೆಚ್ಚು ವಯಸ್ಸಾಗಿದೆ. ಅವರು ಒಂದು ಅಂಕಿ ಬಿಟ್ಟುಕೊಟ್ಟಿದ್ದರೆ ಎಷ್ಟೋ ಮನೆಗಳಿಗೆ ನಾನು ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದೆ ಎಂದು ಈಗಲೂ ಅಂದುಕೊಳ್ಳುತ್ತೇನೆ, ಈಗಲೂ ಅವರನ್ನು ಬೈಯುತ್ತೇನೆ. ಆದರೆ ನಾನು ತಡವಾಗಿ ಮುಟ್ಟುವುದನ್ನು ಊರೆಲ್ಲ ದೇವರಿಚ್ಛೆ ಎನ್ನುತ್ತಿದ್ದಾಗ, ಅದನ್ನು ಮನುಷ್ಯರು ಸರಿಮಾಡಬಹುದು ಎಂದು ನನಗೆ ಹೇಳಿದವರು ಅವರೊಬ್ಬರೇ. ಆ ಮಾತಿನ ಮೇಲೆ ನಾನು ಇಷ್ಟು ವರ್ಷ ಕೆಲಸ ಮಾಡಿದೆ.

ಅವರನ್ನು ಮಣ್ಣು ಮಾಡಿದ ದಿನವೇ ಬೀರೂರಿನ ಆಚೆಯ ಹಳ್ಳಿಯಿಂದ ಒಬ್ಬ ಕರೆಯಲು ಬಂದ. ಅಕ್ಕ, “ಹೋಗು ತಂಗಿ, ನಾನಿರ್ತೀನಿ,” ಎಂದರು. ಕರೆಯಲು ಬಂದವನಿಗೇ ದಾರಿಯಲ್ಲಿ ಜ್ವರ ಏರಿ, ಅರ್ಧದಲ್ಲಿ ಒಂದು ಮರದ ಕೆಳಗೆ ಕೂತುಬಿಟ್ಟ. ಸಿಕ್ಕಿದವರನ್ನೆಲ್ಲ ಕೇಳುತ್ತಾ, ತಪ್ಪು ಹಳ್ಳಿಗೆ ಹೋಗಿ ತಿರುಗಿ ಬಂದು, ದಾರಿಯುದ್ದಕ್ಕೂ ಮಾಸ್ತರರನ್ನು ಬಾಯಿಬಿಟ್ಟು ಬೈದುಕೊಂಡು ನಡೆದೆ. ಮುಟ್ಟುವುದರೊಳಗೆ ಹೆಣ್ಣು ಕೂಸು ತಾನಾಗಿಯೇ ಹುಟ್ಟಿ ಅಳುತ್ತಿತ್ತು. ಬಾಣಂತಿ ಚೆನ್ನಾಗಿದ್ದಳು. ಮನೆಯಲ್ಲಿ ಬೇರೆ ಯಾರೂ ಎದ್ದು ಓಡಾಡುವ ಸ್ಥಿತಿಯಲ್ಲಿ ಇರಲಿಲ್ಲ. ನಾನೇ ಹಿತ್ತಲಿಗೆ ಹೋಗಿ ನೀರೊಲೆಗೆ ಬೆಂಕಿ ಹಾಕಿದೆ. ಹಸಿ ಸೌದೆ, ಹೊಗೆ ತುಂಬಿಕೊಂಡಿತು. ಆ ಹೊಗೆಯಲ್ಲಿ ಕೂತು, ನೀರು ಕಾಯುವವರೆಗೂ ಅತ್ತೆ.